ಶೇ. 100ರ ಬ್ಯಾನರಿನ ಆಚೆಗೆ: ನೆರೆಯ ಸರಕಾರಿ ಪ್ರೌಢಶಾಲೆಯನ್ನು ಅಳೆಯುವುದು ಹೇಗೆ?

ಉಡುಪಿ: ಎಸೆಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನವೇ ಕರಾವಳಿಯ ಶಾಲಾ ಗೇಟುಗಳ ಮುಂದೆ ಬ್ಯಾನರ್‌ಗಳು ಕಾಣಿಸಿಕೊಳ್ಳುತ್ತವೆ. 'ಶೇ. 100 ಫಲಿತಾಂಶ' ಎಂಬ ದಪ್ಪಕ್ಷರ, ಅದರ ಕೆಳಗೆ ನಾಲ್ಕಾರು ಮಕ್ಕಳ ಭಾವಚಿತ್ರ. ಏಳನೇ ತರಗತಿ ಮುಗಿಸಿದ ಮಗುವನ್ನು ಎಂಟನೆಯದಕ್ಕೆ ಎಲ್ಲಿ ಸೇರಿಸುವುದೆಂದು ಯೋಚಿಸುತ್ತಿರುವ ಹೆತ್ತವರು ಇದೇ ಬ್ಯಾನರ್‌ಗಳನ್ನು ಓದಿಕೊಂಡು ಓಡಾಡುವುದೂ ಅದೇ ದಿನಗಳಲ್ಲಿ. ಮನೆಯ ಹತ್ತಿರದ ಸರಕಾರಿ ಪ್ರೌಢಶಾಲೆ ಸಾಕೇ, ಅಥವಾ ಸಾಲ ಮಾಡಿಯಾದರೂ ದೂರದ ಖಾಸಗಿ ಶಾಲೆಗೆ ಕಳುಹಿಸಬೇಕೇ ಎಂಬ ಪ್ರಶ್ನೆಗೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸಾವಿರಾರು ಮನೆಗಳು ಒಂದೇ ಒಂದು ಅಂಕಿಯನ್ನು ನಂಬಿ ಉತ್ತರ ಕಂಡುಕೊಳ್ಳುತ್ತಿವೆ. ಆ ಅಂಕಿ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಪರಿಶೀಲಿಸುವವರು ಕಡಿಮೆ.

ಜಿಲ್ಲೆಯ ಸ್ಥಾನ ಹೇಳುವುದೇನು?

ಉಡುಪಿ ಜಿಲ್ಲೆ 2017 ಮತ್ತು 2018ರಲ್ಲಿ ರಾಜ್ಯಕ್ಕೆ ಪ್ರಥಮ ಸ್ಥಾನದಲ್ಲಿತ್ತು. 2019ರಲ್ಲಿ ಆ ಸ್ಥಾನ ಹಾಸನದ ಪಾಲಾಯಿತು. 2023ರಲ್ಲಿ ಚಿತ್ರದುರ್ಗ, ಮಂಡ್ಯ, ಹಾಸನ ಮೊದಲ ಮೂರು ಸ್ಥಾನ ಪಡೆದಾಗ ಉಡುಪಿ ಮೊದಲ ಹತ್ತರಲ್ಲಿಯೂ ಇರಲಿಲ್ಲ. ಮರು ವರ್ಷ, ಅಂದರೆ 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಿಯೂ ರಾಜ್ಯದ ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಕುಸಿಯಿತು. ಆಗ ಉಡುಪಿ ಶೇ. 94ರೊಂದಿಗೆ ಮತ್ತೆ ಪ್ರಥಮ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮುಂದೆ ಬಂದು, ಉಡುಪಿ ಶೇ. 89.96ರೊಂದಿಗೆ ಎರಡನೆಯದಾಯಿತು.

ಒಂದೇ ವರ್ಷದಲ್ಲಿ ಬೋಧನೆ ಅಷ್ಟು ಕೆಡುವುದೂ ಇಲ್ಲ, ಅಷ್ಟು ಸುಧಾರಿಸುವುದೂ ಇಲ್ಲ. ಬದಲಾದದ್ದು ಪರೀಕ್ಷೆ ನಡೆಸಿದ ಬಗೆ. ಕಣ್ಗಾವಲಿನಡಿಯಲ್ಲಿಯೂ ಕರಾವಳಿಯ ಮಕ್ಕಳು ಮುಂದೆ ನಿಂತದ್ದು ಇಲ್ಲಿನ ಶಿಕ್ಷಕರಿಗೆ ಸಲ್ಲಬೇಕಾದ ಗೌರವವೇ ಸರಿ. ಆದರೆ ವರ್ಷದಿಂದ ವರ್ಷಕ್ಕೆ ಅಂಕಿಗಳನ್ನು ಹೋಲಿಸುವುದು ಕಷ್ಟ. ಉತ್ತೀರ್ಣತೆಗೆ ಬೇಕಾದ ಒಟ್ಟು ಅಂಕವನ್ನು 2025-26ನೇ ಸಾಲಿನಿಂದ ಶೇ. 35ರಿಂದ ಶೇ. 33ಕ್ಕೆ ಇಳಿಸುವ ನಿರ್ಧಾರವನ್ನು ಸರಕಾರ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿರುವುದರಿಂದ ಈ ಹೋಲಿಕೆ ಇನ್ನಷ್ಟು ಜಟಿಲವಾಗಿದೆ.

ಇನ್ನೊಂದು ಅಂಶವನ್ನೂ ಮರೆಯುವಂತಿಲ್ಲ. ಜಿಲ್ಲೆಯ ಶೇಕಡಾವಾರು ಎಂದರೆ ಸರಕಾರಿ, ಅನುದಾನಿತ, ಅನುದಾನರಹಿತ ಶಾಲೆಗಳ ಒಟ್ಟು ಲೆಕ್ಕ. ಕರಾವಳಿಯಲ್ಲಿ ಪ್ರೌಢಶಿಕ್ಷಣ ಬೆಳೆದದ್ದೇ ಹಲವು ಕೈಗಳಿಂದ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲ್ ಬಾಸೆಲ್ ಮಿಶನ್ನಿನ ಕೊಡುಗೆ. ಬೋರ್ಡ್ ಹೈಸ್ಕೂಲ್ ಎಂಬ ಹೆಸರು ಮದರಾಸು ಕಾಲದ ಜಿಲ್ಲಾ ಬೋರ್ಡನ್ನು ನೆನಪಿಸುತ್ತದೆ. ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಹುಟ್ಟಿದ್ದು 1942ರಲ್ಲಿ. ಹೀಗಿರುವಾಗ ಜಿಲ್ಲೆಯ ಸ್ಥಾನ ನಮ್ಮ ಬೀದಿಯ ಶಾಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಂಟರಲ್ಲಿದ್ದವರು ಹತ್ತರಲ್ಲಿ ಎಲ್ಲಿ?

ಶಾಲೆಯ ಶೇಕಡಾವಾರು ಫಲಿತಾಂಶವಾದರೂ ನಿಜ ಹೇಳುತ್ತದೆಯೇ? ಒಂದು ಕಲ್ಪಿತ ಉದಾಹರಣೆ ನೋಡಬಹುದು. ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದವರು 60, ಹತ್ತರ ಪರೀಕ್ಷೆಗೆ ಕುಳಿತವರು 48, ಎಲ್ಲರೂ ಉತ್ತೀರ್ಣ. ಬ್ಯಾನರ್ ಶೇ. 100 ಎನ್ನುತ್ತದೆ. ಪಕ್ಕದ ಶಾಲೆಯಲ್ಲಿ ಸೇರಿದ 50 ಮಕ್ಕಳೂ ಪರೀಕ್ಷೆ ಬರೆದು 46 ಮಂದಿ ತೇರ್ಗಡೆಯಾದರು. ಫಲಿತಾಂಶ ಶೇ. 92. ಸೇರಿಸಿಕೊಂಡ ಮಕ್ಕಳ ಲೆಕ್ಕದಲ್ಲಿ ಮೊದಲನೆಯದು ದಡ ಮುಟ್ಟಿಸಿದ್ದು ಶೇ. 80ರಷ್ಟು ಮಂದಿಯನ್ನು ಮಾತ್ರ. ಕಲಿಕೆಯಲ್ಲಿ ಹಿಂದುಳಿದ ಮಗುವಿನ ವರ್ಗಾವಣೆ ಪತ್ರವನ್ನು ಒಂಬತ್ತನೇ ತರಗತಿಯಲ್ಲಿಯೇ ಹೆತ್ತವರ ಕೈಗಿಡುವ ಅಭ್ಯಾಸ ಗುಟ್ಟಿನದೇನಲ್ಲ. ಹಾಗೆ ಹೊರಬಿದ್ದ ಮಗುವಿಗೆ ಬಾಗಿಲು ತೆರೆಯಬೇಕಾದದ್ದು ಬಹುತೇಕ ಸಲ ಸರಕಾರಿ ಶಾಲೆಯೇ.

ಮಕ್ಕಳ ಸಂಖ್ಯೆ ಇಳಿಯಲು ಬೇರೆ ಕಾರಣಗಳೂ ಇರುತ್ತವೆ. ಮಣಿಪಾಲದ ಸುತ್ತಲಿನ ಕಟ್ಟಡ ಕಾಮಗಾರಿಗೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ಕೆಲಸ ಮುಗಿದಾಗ ಊರು ಬದಲಿಸುತ್ತವೆ. ಆದುದರಿಂದ ಸಂಖ್ಯೆ ಏಕೆ ಇಳಿಯಿತು ಎಂದು ಕೇಳಬೇಕೇ ಹೊರತು ಇಳಿದ ಮಾತ್ರಕ್ಕೆ ತೀರ್ಪು ಕೊಡಬಾರದು. ಮಕ್ಕಳು ಕಡಿಮೆಯಿರುವಲ್ಲಿ ಇನ್ನೂ ಎಚ್ಚರ ಬೇಕು. 20 ಮಕ್ಕಳ ತರಗತಿಯಲ್ಲಿ ಒಬ್ಬ ಅನುತ್ತೀರ್ಣನಾದರೆ ಶೇ. 5 ಹೋಯಿತು.

ಗಣಿತದ ಮೇಷ್ಟ್ರು ಯಾವಾಗ ಬಂದರು?

ಹೆತ್ತವರು ಮುಖ್ಯವಾಗಿ ಕೇಳಬೇಕಾದದ್ದು ಶಿಕ್ಷಕರ ಬಗ್ಗೆ. ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸುವವರು ಕಾಯಂ ಶಿಕ್ಷಕರೇ, ಅತಿಥಿ ಶಿಕ್ಷಕರೇ? ಅತಿಥಿ ಶಿಕ್ಷಕರಾದರೆ ಕಳೆದ ಸಾಲಿನಲ್ಲಿ ತರಗತಿಗೆ ಬಂದದ್ದು ಯಾವ ತಿಂಗಳಲ್ಲಿ? ಮೂರು ವರ್ಷಗಳಲ್ಲಿ ಎಷ್ಟು ಮಂದಿ ಬದಲಾದರು? ಹೊರ ಜಿಲ್ಲೆಯ ಶಿಕ್ಷಕರು ತವರಿಗೆ ವರ್ಗಾವಣೆ ಬಯಸುವುದು ಸಹಜ. ಆದರೆ ತೆರವಾದ ಹುದ್ದೆಗೆ ಬೇರೊಬ್ಬರು ಬರುವ ತನಕ ನಷ್ಟ ಮಕ್ಕಳದು. ಅನುದಾನಿತ ಶಾಲೆಗಳ ಸ್ಥಿತಿಯೂ ಉತ್ತಮವೇನಲ್ಲ. ನಿವೃತ್ತಿಯಿಂದ ಖಾಲಿಯಾದ ಹುದ್ದೆಗಳು ಅಲ್ಲಿ ವರ್ಷಗಟ್ಟಲೆ ಭರ್ತಿಯಾಗುವುದಿಲ್ಲ. ಇದರ ಮೇಲೆ ಬೋಧನೇತರ ಕೆಲಸಗಳ ಹೊರೆ ಬೇರೆ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅ. 18ರ ವರೆಗೆ ವಿಸ್ತರಿಸಬೇಕಾಗಿ ಬಂತು.

ಮಾಧ್ಯಮದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಏಳರ ವರೆಗೆ ಕನ್ನಡ, ಎಂಟರಲ್ಲಿ ಏಕಾಏಕಿ ಇಂಗ್ಲಿಷ್. ಈ ಜಿಗಿತಕ್ಕೆ ಶಾಲೆ ಮಗುವನ್ನು ಹೇಗೆ ಸಿದ್ಧಗೊಳಿಸುತ್ತದೆ ಎಂಬುದು ಆಂಗ್ಲ ಮಾಧ್ಯಮ ವಿಭಾಗ ಇದೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಮಳೆ, ಬಸ್ಸು, ಹೆದ್ದಾರಿ

ಶಾಲೆಯ ದಾರಿಯೂ ಶಾಲೆಯ ಭಾಗವೇ. ಸರಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂ. 11ರಂದು ಜಾರಿಗೆ ಬಂತು. ಆದರೆ ಖಾಸಗಿ ಬಸ್‌ಗಳನ್ನೇ ನಂಬಿರುವ ಈ ಜಿಲ್ಲೆಯ ಅನೇಕ ಮಾರ್ಗಗಳ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ಬೆಂಗಳೂರು, ಮೈಸೂರಿನವರಿಗೆ ಸಿಕ್ಕಷ್ಟು ಸಿಗುವುದಿಲ್ಲ. ಕಾಪುವಿನಲ್ಲಿ ಶಾಲೆ ಹೆದ್ದಾರಿ 66ರ ಯಾವ ಬದಿಯಲ್ಲಿದೆ ಎಂಬುದೇ ಒಂದು ಮಾನದಂಡ. ಕಾರ್ಕಳ ತಾಲೂಕಿನ ಮಾಳ, ಈದು, ನೂರಾಳ್‌ಬೆಟ್ಟಿನಂತಹ ಘಟ್ಟದ ತಪ್ಪಲಿನ ಊರುಗಳಲ್ಲಿ ಸಂಜೆಯ ವಿಶೇಷ ತರಗತಿ ಮುಗಿದ ಮೇಲೆ ಬಸ್ ಇದೆಯೇ ಎಂಬುದು ಮೊದಲ ಪ್ರಶ್ನೆ. ಮುಂಗಾರಿನಲ್ಲಿ ಜಿಲ್ಲಾಧಿಕಾರಿ ಸಾರುವ ಮಳೆ ರಜೆಗಳ ಪಾಠವನ್ನು ಶಾಲೆ ನಿಜಕ್ಕೂ ಸರಿದೂಗಿಸುತ್ತದೆಯೇ ಎಂಬುದನ್ನು ಕಳೆದ ವರ್ಷದ ಮಕ್ಕಳನ್ನು ಕೇಳಿದರೆ ತಿಳಿಯುತ್ತದೆ.

ಕೇಳುವ ಹಕ್ಕು, ಉಳಿಸುವ ಹೊಣೆ

ಈ ಮಾಹಿತಿ ಪಡೆಯುವುದು ಅಸಾಧ್ಯವಲ್ಲ. ಪ್ರತಿ ಶಾಲೆಯ ದಾಖಲಾತಿ, ಶಿಕ್ಷಕರ ಸಂಖ್ಯೆ, ಶೌಚಾಲಯ, ಪ್ರಯೋಗಾಲಯದ ವಿವರ ಕೇಂದ್ರದ ಯುಡೈಸ್ ಪ್ಲಸ್ ಜಾಲತಾಣದಲ್ಲಿವೆ. ಆದರೆ ಪ್ರಯೋಗಾಲಯ ಇದೆ ಎಂಬುದು ಬೇರೆ, ಅದರ ಬೀಗ ತೆರೆಯುತ್ತದೆ ಎಂಬುದು ಬೇರೆ. ಅದಕ್ಕಾಗಿ ಕೆಲಸದ ದಿನವೊಂದರಲ್ಲಿ ಶಾಲೆಗೆ ಹೋಗಿ ನೋಡಬೇಕು. ಮುಖ್ಯ ಶಿಕ್ಷಕರ ಜತೆಗೆ ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಹೆತ್ತವರನ್ನೂ ಮಾತನಾಡಿಸಬೇಕು. ಹತ್ತಕ್ಕೆ ಮುನ್ನ ಹೊರಗಿನ ಅಳತೆಗೋಲು ಇಲ್ಲದಿರುವುದರಿಂದ ಇದು ಇನ್ನಷ್ಟು ಅಗತ್ಯ. 5, 8 ಮತ್ತು 9ನೇ ತರಗತಿಗಳಿಗೆ ರಾಜ್ಯ ನಡೆಸಿದ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ 2024ರ ಏಪ್ರಿಲಿನಲ್ಲಿ ತಡೆ ನೀಡಿತ್ತು.

ತಪ್ಪು ಅಳತೆಯ ಬೆಲೆ ಒಂದು ಮನೆಗೆ ಸೀಮಿತವಲ್ಲ. ಬ್ಯಾನರ್ ನೋಡಿ ಹತ್ತು ಕುಟುಂಬಗಳು ನೆರೆಯ ಸರಕಾರಿ ಶಾಲೆಯನ್ನು ಬಿಟ್ಟರೆ ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದರೆ ಶಿಕ್ಷಕರು 'ಹೆಚ್ಚುವರಿ' ಎನಿಸಿಕೊಂಡು ಬೇರೆಡೆಗೆ ಹೋಗುತ್ತಾರೆ. ಶಿಕ್ಷಕರಿಲ್ಲದ ಶಾಲೆಯನ್ನು ಉಳಿದವರೂ ಬಿಡುತ್ತಾರೆ. ಕೊನೆಯಲ್ಲಿ ಅಲ್ಲಿ ಉಳಿಯುವುದು ಬೇರೆಲ್ಲಿಗೂ ಹೋಗಲಾಗದ ಮಕ್ಕಳು. ಹಾಗೆಂದು ಪಾಠವೇ ನಡೆಯದ ಶಾಲೆಗೆ ಅಭಿಮಾನದಿಂದ ಮಗುವನ್ನು ಒಪ್ಪಿಸಬೇಕೆಂದು ಯಾರೂ ಹೇಳಲಾರರು. ಪಾಠ ನಡೆಯುತ್ತಿದ್ದೂ ಬ್ಯಾನರ್ ಕಟ್ಟಲಾಗದ ಶಾಲೆಯನ್ನು ಗುರುತಿಸುವ ವ್ಯವಧಾನವಾದರೂ ಬೇಕು.

ಮುಂದಿನ ಬಾರಿ ಶಾಲೆಯ ಮೆಟ್ಟಿಲು ಹತ್ತುವ ಹೆತ್ತವರು ಪ್ರಥಮ ಸ್ಥಾನಿ ಎಷ್ಟು ಅಂಕ ಗಳಿಸಿದ ಎಂದು ಕೇಳಬೇಕಾಗಿಲ್ಲ. ಕಳೆದ ಬಾರಿ ಗಣಿತದಲ್ಲಿ ಅನುತ್ತೀರ್ಣನಾದ ಮಗುವಿಗೆ ಶಾಲೆ ಏನು ಮಾಡಿತು, ಎರಡನೇ ಮತ್ತು ಮೂರನೇ ಪರೀಕ್ಷೆಗೆ ಅವನನ್ನು ಕರೆದು ಕೂರಿಸಿದವರು ಯಾರು ಎಂದು ಕೇಳಲಿ. ಹೆಸರು ಹಿಡಿದು ಉತ್ತರಿಸುವ ಶಿಕ್ಷಕರಿದ್ದರೆ ಆ ಶಾಲೆ ನಂಬಿಕೆಗೆ ಅರ್ಹ.