ಸನದ್ ಬಲ್ಲ ಸಮುದಾಯಕ್ಕೆ ಆಕರ ಬೇಡವಾಯಿತೇ?

ಸುರಪುರ ತಾಲ್ಲೂಕಿನ ಬೋನಾಳದ ಕೆರೆಯ ಬಗ್ಗೆ ಶಾಲಾ ಮಕ್ಕಳು ಬರೆದು ತರುವ ಪ್ರಾಜೆಕ್ಟ್‌ಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ: ಇದು ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ಅತಿ ದೊಡ್ಡ ಪಕ್ಷಿಧಾಮ. ಅಂತರ್ಜಾಲದಲ್ಲಿಯೂ ಅದೇ ವಾಕ್ಯ. ಅಳೆದವರು ಯಾರು? ರಂಗನತಿಟ್ಟಿನ ವಿಸ್ತೀರ್ಣವೇ 1 ಚದರ ಕಿಲೋಮೀಟರಿಗಿಂತ ಕಡಿಮೆ. ಹಾಗಿರುವಾಗ ‘ದೊಡ್ಡದು’ ಎಂಬುದು ನೆಲದ ಲೆಕ್ಕವೋ, ಹಕ್ಕಿಗಳ ಲೆಕ್ಕವೋ? ಆಕರವನ್ನು ನಮೂದಿಸಿದ್ದರೆ ಓದುಗನೇ ಹೋಗಿ ನೋಡಬಹುದಿತ್ತು. ಒಬ್ಬರದನ್ನು ನೋಡಿ ಮತ್ತೊಬ್ಬರು ಬರೆದ ಮಾತು ನೂರು ಕಡೆ ಕಂಡರೂ ಅದು ಒಂದೇ ಸಾಕ್ಷ್ಯ. ಅದೂ ಹೆಸರಿಲ್ಲದ ಸಾಕ್ಷ್ಯ.

ಮಕ್ಕಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಇದೇ ಅಭ್ಯಾಸ ಪದವಿ ತರಗತಿಗೂ ಸಂಶೋಧನಾ ಪ್ರಬಂಧಕ್ಕೂ ಸಾಗಿಬರುತ್ತಿದೆ ಎಂಬುದೇ ನಮ್ಮ ಆತಂಕ. ಅಡಿಟಿಪ್ಪಣಿ, ಗ್ರಂಥಋಣ ಇವೆಲ್ಲ ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ಶಿಷ್ಟಾಚಾರ, ವಿಷಯ ಸರಿಯಿದ್ದರೆ ಸಾಕು ಎಂದು ವಾದಿಸುವ ಹಿರಿಯರೂ ನಮ್ಮಲ್ಲಿದ್ದಾರೆ. ಬೇರೆ ಯಾರಾದರೂ ಹೀಗೆಂದರೆ ಸಹಿಸಬಹುದಿತ್ತು. ಮುಸ್ಲಿಮನ ಬಾಯಲ್ಲಿ ಈ ಮಾತು ಸ್ವಂತ ಇತಿಹಾಸದ ಬಗೆಗಿನ ಅಜ್ಞಾನವಾಗಿದೆ.

ಕೇವಲ ಒಂದು ಹದೀಸನ್ನು ಕೇಳಿ ಖಚಿತಪಡಿಸಿಕೊಳ್ಳಲು ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದು ತಿಂಗಳ ಪ್ರಯಾಣ ಮಾಡಿ ಅಬ್ದುಲ್ಲಾ ಬಿನ್ ಉನೈಸ್(ರ)ರ ಬಳಿಗೆ ಹೋದರೆಂದು ಇಮಾಮ್ ಬುಖಾರಿ(ರ) ತಮ್ಮ ಸಹೀಹ್‌ನ ವಿದ್ಯೆಯ ಅಧ್ಯಾಯದಲ್ಲಿ ಉಲ್ಲೇಖಿಸಿದ್ದಾರೆ. ಇಸ್ನಾದ್ ಧರ್ಮದ ಭಾಗವೆಂದೂ ಅದಿಲ್ಲದಿದ್ದರೆ ಮನಬಂದವರು ಮನಬಂದಂತೆ ಹೇಳುತ್ತಿದ್ದರೆಂದೂ ಅಬ್ದುಲ್ಲಾ ಬಿನ್ ಮುಬಾರಕ್(ರ) ಎಚ್ಚರಿಸಿದ್ದನ್ನು ಇಮಾಮ್ ಮುಸ್ಲಿಮ್(ರ) ತಮ್ಮ ಸಹೀಹ್‌ನ ಪೀಠಿಕೆಯಲ್ಲಿ ದಾಖಲಿಸಿದ್ದಾರೆ.

ಹದೀಸ್ ವಿದ್ವಾಂಸರು ‘ತದ್‌ಲೀಸ್’ ಎಂಬ ದೋಷವನ್ನು ಗುರುತಿಸಿದ್ದರು. ವರದಿಗಾರನು ಮಧ್ಯವರ್ತಿಯೊಬ್ಬನಿಂದ ಕೇಳಿದ್ದನ್ನು, ಅವನ ಹೆಸರನ್ನು ಮರೆಮಾಚಿ, ಮೂಲ ವ್ಯಕ್ತಿಯಿಂದಲೇ ಕೇಳಿದಂತೆ ತೋರುವ ಹಾಗೆ ಹೇಳುವುದೇ ತದ್‌ಲೀಸ್. ಗಮನಿಸಿ, ಇಲ್ಲಿ ಮಾತು ಸುಳ್ಳಾಗಿರಲೇಬೇಕೆಂದಿಲ್ಲ. ಆದರೂ ಇಂತಹವನು ‘ನಾನೇ ಕೇಳಿದೆ’ ಎಂದು ಸ್ಪಷ್ಟಪಡಿಸುವವರೆಗೆ ಅವನ ವರದಿಯನ್ನು ಸ್ವೀಕರಿಸಲು ಅನೇಕ ವಿದ್ವಾಂಸರು ಒಪ್ಪುತ್ತಿರಲಿಲ್ಲ. ಈಗ ನಮ್ಮ ಪ್ರಬಂಧಗಳನ್ನು ನೋಡಿ. 19ನೆಯ ಶತಮಾನದಲ್ಲಿ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್‌ನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಯು ಆ ಗ್ರಂಥವನ್ನು ಕಣ್ಣಿಂದಲೂ ಕಂಡಿರುವುದಿಲ್ಲ. ಯಾವುದೋ ಕನ್ನಡ ಪುಸ್ತಕದಲ್ಲಿ ಓದಿರುತ್ತಾನೆ. ಅಡಿಟಿಪ್ಪಣಿಯಲ್ಲಿ ಮಾತ್ರ ಟೇಲರ್‌ನ ಹೆಸರು, ಪುಟಸಂಖ್ಯೆ ಸಹಿತ! ನಡುವಿನ ಲೇಖಕ ತಪ್ಪಿದ್ದರೆ ಆ ತಪ್ಪು ಟೇಲರ್‌ನ ತಲೆಗೆ ಬೀಳುತ್ತದೆ. ಶ್ರಮಪಟ್ಟು ಮೂಲವನ್ನು ಓದಿದ ಆ ಲೇಖಕನ ಹಕ್ಕೂ ಮುಳುಗುತ್ತದೆ. ‘ಇಂಥವರ ಪುಸ್ತಕದಲ್ಲಿ ಉಲ್ಲೇಖಿತ’ ಎಂದು ಬರೆಯಲು ಎಷ್ಟು ಶಾಯಿ ಬೇಕು?

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿನ ಕೃತಿಚೌರ್ಯ ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ, ಶೇ. 10ರವರೆಗೆ ದಂಡನೆಯಿಲ್ಲ. ಈ ಹತ್ತನ್ನು ರಿಯಾಯಿತಿಯೆಂದು ಎಣಿಸಿ ಕದಿಯುವವರಿದ್ದಾರೆ. ಪರರ ಶ್ರಮ ಒಂದು ಅಮಾನತ್. ಅದರಲ್ಲಿ ಶೇಕಡಾವಾರು ಹಲಾಲ್ ಎಂಬುದುಂಟೇ?

ಇನ್ನು ನಮ್ಮ ವೇದಿಕೆಗಳ ಮಾತು. ವಿದ್ಯೆಗಾಗಿ ಚೀನಾಕ್ಕಾದರೂ ಹೋಗಬೇಕೆಂಬ ಮಾತನ್ನು ಪ್ರವಾದಿ(ಸ)ರ ಹೆಸರಿನಲ್ಲಿ ಉದ್ಧರಿಸದ ಶಾಲಾ ವಾರ್ಷಿಕೋತ್ಸವ ನಮ್ಮಲ್ಲಿ ಅಪರೂಪ. ಇಬ್ನುಲ್ ಜೌಝಿ(ರ) ಅದನ್ನು ಕಟ್ಟುಹದೀಸ್‌ಗಳ ಸಂಗ್ರಹದಲ್ಲಿ ಸೇರಿಸಿದ್ದು ಎಂಟು ಶತಮಾನಗಳ ಹಿಂದೆ. ಪ್ರವಾದಿ(ಸ)ರ ಮೇಲೆ ಉದ್ದೇಶಪೂರ್ವಕವಾಗಿ ಸುಳ್ಳು ಹೇಳುವವನಿಗೆ ನರಕದ ಎಚ್ಚರಿಕೆಯಿದೆ ಎಂಬುದನ್ನು ಬಲ್ಲವರೇ ‘ಹದೀಸ್‌ನಲ್ಲಿದೆ’ ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ನಾವೂ ಎಷ್ಟೋ ಬಾರಿ ಹಾಗೆಯೇ ಬರೆದಿದ್ದೇವೆ. ಹೀಗಿರುವಾಗ ಮಕ್ಕಳು ಆಕರ ನಮೂದಿಸುವುದನ್ನು ಯಾರಿಂದ ಕಲಿಯಬೇಕು? ಮುಂದಿನ ಸಭೆಯಲ್ಲಿ ಯಾವಳೋ ಒಬ್ಬ ಹುಡುಗಿ ಎದ್ದುನಿಂತು, ‘ಉಸ್ತಾದರೇ, ಇದು ಯಾವ ಗ್ರಂಥದಲ್ಲಿದೆ?’ ಎಂದು ಕೇಳಿದರೆ ಅವಳನ್ನು ಅಧಿಕಪ್ರಸಂಗಿಯೆಂದು ಕೂರಿಸದಿರೋಣ. ಗ್ರಂಥದ ಹೆಸರು ಗೊತ್ತಿದ್ದರೆ ಹೇಳೋಣ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನೋಣ.