ಸಾಬುವನ್ನು ಆನೆ ಮೇಲಿಂದ ಇಳಿಯಲು ಬಿಡಲೇ ಇಲ್ಲ

‘ನಮ್ಮ ಮೈಸೂರಿನ ಮಾವುತನ ಮಗ ಹಾಲಿವುಡ್ ಗೆದ್ದ ಕಥೆ’ ಅಂತ ಒಂದು ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಬಗ್ಗೆ ಅದು. ಹೆಮ್ಮೆ ನನಗೂ ಇದೆ. ಆದರೆ ‘ಗೆದ್ದ’ ಅನ್ನುವ ಮಾತಿಗೆ ನನ್ನ ತಕರಾರಿದೆ.

ಅಪ್ಪ ಮಹಾರಾಜರ ಆನೆ ಲಾಯದಲ್ಲಿ ಮಾವುತ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಸಿನಿಮಾ ತೆಗೆಯಲು ಬಂದ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿ. ‘ಥೀಫ್’ ಸಿಕ್ಕರೆ ನೋಡಿ. ಆ ಹುಡುಗ ಪರದೆ ಮೇಲಿದ್ದರೆ ಬೇರೆಯವರ ಕಡೆ ಕಣ್ಣೇ ಹೋಗಲ್ಲ.

ಆಮೇಲೆ? ಯೂನಿವರ್ಸಲ್ ಸ್ಟುಡಿಯೋದವರು ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಅಂತ ಸಾಲಾಗಿ ಮಾಡಿದರು. ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್. ಸಾಬು ನಾಯಕನ ಪಕ್ಕದಲ್ಲಿ ನಗುತ್ತಾ ಓಡಾಡುವ ಗೆಳೆಯ.

ಮಾವುತನ ಮಗನಿಗೆ ಅಷ್ಟು ಸಿಕ್ಕಿದ್ದೇ ಹೆಚ್ಚಲ್ವಾ ಅನ್ನುವವರಿದ್ದಾರೆ. ನನಗೆ ಸಿಟ್ಟು ಬರುವುದೇ ಈ ಮಾತಿಗೆ. 1944ರಲ್ಲಿ ಅಮೆರಿಕದ ಪ್ರಜೆಯಾದವನು ಆತ. ಅಲ್ಲಿನ ವಾಯುಪಡೆ ಸೇರಿ, ಬಾಂಬರ್ ವಿಮಾನದ ಬಾಲದಲ್ಲಿ ಮೆಷಿನ್ ಗನ್ ಹಿಡಿದು ಕೂತು, ಪೆಸಿಫಿಕ್ ಯುದ್ಧದಲ್ಲಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಅಂಥವನು ವಾಪಸ್ ಬಂದರೆ ಕಾದಿದ್ದು ಏನು? ಬ್ರಿಟನ್ನಿನವರ ‘ಬ್ಲ್ಯಾಕ್ ನಾರ್ಸಿಸಸ್’ ಬಿಟ್ಟರೆ ಹೆಚ್ಚಿನದೆಲ್ಲ ಕಾಡು, ರುಮಾಲು, ಪ್ರಾಣಿ. ಲಂಡನ್ನಿನ ಸರ್ಕಸ್ಸಿನಲ್ಲಿ ಆನೆ ಆಡಿಸಿದ್ದೂ ಆಯಿತು. ಟಿವಿ ಧಾರಾವಾಹಿಗೆಂದು ತೆಗೆದ ಕಂತುಗಳನ್ನು ಜೋಡಿಸಿ 1957ರಲ್ಲಿ ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’ ಅಂತ ಸಿನಿಮಾ ಬಿಟ್ಟರು. ಪಾತ್ರಕ್ಕೆ ಬೇರೆ ಹೆಸರು ಹುಡುಕುವ ಗೋಜಿಗೂ ಹೋಗಲಿಲ್ಲ. ಕೊನೆಯದು ಡಿಸ್ನಿಯ ‘ಎ ಟೈಗರ್ ವಾಕ್ಸ್’. ಅದು ತೆರೆಗೆ ಬರುವ ಮೊದಲೇ, 1963ರ ಡಿಸೆಂಬರ್ 2ರಂದು ಹೃದಯಾಘಾತ. ವಯಸ್ಸು 39.

ಬೈಯುವುದಾದರೆ ಅಮೆರಿಕವನ್ನು ಮಾತ್ರ ಬೈದರೆ ಸಾಲದು. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಸಾಬುವನ್ನೇ. ಬಡ್ಡಿ ಸಾಹುಕಾರನ ವಿರುದ್ಧ ತಿರುಗಿ ಬೀಳುವ ಹಳ್ಳಿ ಹುಡುಗನ ಪಾತ್ರ, ಆನೆ ಇಲ್ಲ, ಹುಲಿ ಇಲ್ಲ. ಹುಟ್ಟಿದ ದೇಶದಲ್ಲೇ ಕೆಲಸದ ಪರವಾನಗಿಗೆ ತೊಡಕಾಯಿತು. ಪಾತ್ರ ಸುನಿಲ್ ದತ್ ಪಾಲಾಯಿತು. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಹಳೇ ಕಥೆ ಬಿಡಿ ಸಾರ್ ಅನ್ನಬೇಡಿ. ಕಾಡಂಚಿನ ಹಾಡಿಗೆ ಕುಡಿಯುವ ನೀರಿಲ್ಲ ಅಂತ ಸುದ್ದಿ ಕಳಿಸಿದರೆ ಡೆಸ್ಕಿನಿಂದ ನನಗೆ ಬರುವ ಮೊದಲ ಪ್ರಶ್ನೆ, “ಆನೆ ಫೋಟೋ ಇದ್ಯಾ? ಇಲ್ಲಾಂದ್ರೆ ಅವರು ಕುಣಿಯೋದಾದ್ರೂ?” ಹೋದ ತಿಂಗಳು ಎರಡೂ ಕಳಿಸಲಿಲ್ಲ, ಖಾಲಿ ಕೊಡಗಳ ಸಾಲಿನ ಫೋಟೋ ಕಳಿಸಿದೆ. ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂತು, ಫೋಟೋ ಬರಲಿಲ್ಲ.