ಬಣ್ಣ ಆಡಲಿ, ಮುಖ ಉಳಿಯಲಿ

ಮಕ್ಕಳೇ, ಹಿಂದೂಪುರದ ಅಥವಾ ಕಲ್ಯಾಣದುರ್ಗದ ಬಜಾರಿನಲ್ಲಿ ನಡೆಯುವಾಗ ಫೋಟೋ ಸ್ಟುಡಿಯೋಗಳನ್ನು ನೀವು ನೋಡಿರುತ್ತೀರಿ. ಅಂಗಡಿಯ ಗಾಜಿನ ಹಿಂದೆ ಮದುಮಕ್ಕಳ ಚಿತ್ರ, ಎಳೆಯ ಕೂಸಿನ ಚಿತ್ರ, ಹಿರಿಯರ ಚಿತ್ರ ಇರುತ್ತವೆ. ಇಂತಹ ಚಿತ್ರಗಳಿಗೆ ಭಾವಚಿತ್ರ ಎನ್ನುತ್ತೇವೆ. ಒಂದು ಮುಖದ ಸುತ್ತ ಬಣ್ಣದ ಮೋಡಗಳು ತೇಲುತ್ತಿರುತ್ತವೆ. ಇನ್ನೊಂದು ಮುಖ ನೀರಿನಲ್ಲಿ ಕದಡಿದ ಬಣ್ಣದಂತೆ ಹರಡಿರುತ್ತದೆ. ಮತ್ತೊಂದು ಮುಖ ಸಣ್ಣ ಸಣ್ಣ ಚೌಕಗಳಿಂದ ಆಗಿರುತ್ತದೆ. ಕ್ಯಾಮೆರಾ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಹೀಗೆ ಮಾರ್ಪಡಿಸುತ್ತಾರೆ.

ಇದು ಸರಿಯೇ? ಕೆಲವರು, "ಫೋಟೋ ಎಂದರೆ ಇದ್ದದ್ದು ಇದ್ದ ಹಾಗೆ ಇರಬೇಕು, ಬಣ್ಣ ಬಳಿಯಬಾರದು" ಎನ್ನುತ್ತಾರೆ. ಇನ್ನು ಕೆಲವರು, "ಚೆಂದ ಕಂಡರೆ ಸಾಕು, ಏನು ಮಾಡಿದರೇನು?" ಎನ್ನುತ್ತಾರೆ. ನನಗೆ ಎರಡೂ ಪೂರ್ತಿ ಸರಿ ಎನಿಸುವುದಿಲ್ಲ. ಭಾವಚಿತ್ರದ ಜೊತೆ ಬಣ್ಣ ಆಡಬಹುದು. ಆದರೆ ಆ ಆಟದಲ್ಲಿ ಮನುಷ್ಯ ಕಳೆದುಹೋಗಬಾರದು. ಹೀಗೇಕೆ ಹೇಳುತ್ತೇನೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಲೇಪಾಕ್ಷಿಗೆ ಹೋಗೋಣ. ಅದು ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಯ ವೀರಭದ್ರ ದೇವಾಲಯವನ್ನು 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದರು. ತಲೆಯೆತ್ತಿ ನೋಡಿದರೆ ಮಂಟಪದ ಛಾವಣಿಯ ತುಂಬ ವರ್ಣಚಿತ್ರಗಳು. ವೀರಭದ್ರಸ್ವಾಮಿಯ ದೊಡ್ಡ ಚಿತ್ರದ ಬಳಿ ಈ ಅಣ್ಣತಮ್ಮಂದಿರ ಚಿತ್ರವೂ ಇದೆ. ಅಂದರೆ ಅವೂ ಭಾವಚಿತ್ರಗಳೇ.

ಆ ಚಿತ್ರಕಾರರು ಮನುಷ್ಯರನ್ನು ಇದ್ದ ಹಾಗೆಯೇ ಬರೆದರೇ? ಇಲ್ಲ. ಲೇಪಾಕ್ಷಿಯ ಚಿತ್ರಗಳಲ್ಲಿ ಹೆಚ್ಚಿನ ಮುಖಗಳು ಪಕ್ಕಕ್ಕೆ ತಿರುಗಿವೆ. ಕಣ್ಣುಗಳು ನಿಜವಾದ ಕಣ್ಣಿಗಿಂತ ದೊಡ್ಡವು. ಸುತ್ತಲೂ ಕಪ್ಪು ಗೆರೆ. ಬಣ್ಣಗಳೂ ಕೆಲವೇ ಕೆಲವು. ಆದರೂ ಗಂಡಸರ ತಲೆಯ ಎತ್ತರದ ಕುಲಾವಿ, ಹೆಂಗಸರ ಸೀರೆಯ ಅಂಚು, ಮುಡಿ, ಆಭರಣ ಎಲ್ಲವನ್ನೂ ಅವರು ಅಕ್ಕರೆಯಿಂದ ಉಳಿಸಿದ್ದಾರೆ. ಸುಮಾರು 500 ವರ್ಷಗಳ ಮೇಲೂ ಆ ಕಾಲದ ಜನ ಹೇಗಿದ್ದರು, ಏನು ಉಟ್ಟಿದ್ದರು ಎಂದು ನಾವು ಅದನ್ನು ನೋಡಿ ತಿಳಿಯುತ್ತೇವೆ. ಚಿತ್ರವನ್ನು ಬದಲಿಸಿದರೂ ವ್ಯಕ್ತಿಯನ್ನು ಉಳಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನಮಗೆ ಬೇಕಿಲ್ಲ.

ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಆಗ ಚಿತ್ರಗಳಿಗೆ ಬಣ್ಣವಿರಲಿಲ್ಲ. ನಮ್ಮ ದೇಶದ ಸ್ಟುಡಿಯೋಗಳಲ್ಲಿ ಕಪ್ಪು ಬಿಳುಪು ಚಿತ್ರದ ಮೇಲೆ ಕುಂಚದಿಂದ ಬಣ್ಣ ಹಚ್ಚುವ ಕಲಾವಿದರಿದ್ದರು. ಮುಂದೆ 1990ರಲ್ಲಿ ಫೋಟೋಶಾಪ್ ಎಂಬ ತಂತ್ರಾಂಶ ಮಾರಾಟಕ್ಕೆ ಬಂತು. ಅದನ್ನು ಮೊದಲು ರೂಪಿಸಿದವರು ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್. ಅವರೂ ಅಣ್ಣತಮ್ಮಂದಿರೇ! ಕುಂಚದ ಕೆಲಸ ಅಂದಿನಿಂದ ನಿಧಾನವಾಗಿ ಕಂಪ್ಯೂಟರಿಗೆ ಬಂತು.

ಕಂಪ್ಯೂಟರು ಚಿತ್ರವನ್ನು ಹೇಗೆ ಬದಲಿಸುತ್ತದೆ? ನಿಮ್ಮ ಮನೆಯ ಮುಂದಿನ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಡಿಜಿಟಲ್ ಫೋಟೋ ಕೂಡ ಚುಕ್ಕಿಗಳ ರಂಗೋಲಿಯೇ. ಆದರೆ ಚುಕ್ಕಿಗಳು ಲಕ್ಷಗಟ್ಟಲೆ ಇರುತ್ತವೆ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಕಪ್ಪು ಬಿಳುಪು ಚಿತ್ರದ ಪ್ರತಿ ಚುಕ್ಕಿಗೂ ಸಾಮಾನ್ಯವಾಗಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. 0 ಎಂದರೆ ಕಡು ಕಪ್ಪು, 255 ಎಂದರೆ ಅಚ್ಚ ಬಿಳುಪು. ಬಣ್ಣದ ಚಿತ್ರದಲ್ಲಿ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳು. ನಾವು ಯಾವ ಬಣ್ಣದಾಟ ಆಡಿದರೂ ಒಳಗೆ ನಡೆಯುವುದು ಈ ಸಂಖ್ಯೆಗಳ ಲೆಕ್ಕ.

ಒಂದು ಲೆಕ್ಕ ಮಾಡಿ ನೋಡಿ. ಅಕ್ಕಪಕ್ಕದ ನಾಲ್ಕು ಚುಕ್ಕಿಗಳ ಸಂಖ್ಯೆ 40, 60, 80, 100 ಎಂದಿರಲಿ. ಕೂಡಿದರೆ 280. ನಾಲ್ಕರಿಂದ ಭಾಗಿಸಿದರೆ 70. ನಾಲ್ಕೂ ಚುಕ್ಕಿಗಳಿಗೆ 70 ಎಂದೇ ಕೊಟ್ಟರೆ ಅವು ಒಂದೇ ಬಣ್ಣದ ಚೌಕವಾಗುತ್ತವೆ. ಇಡೀ ಚಿತ್ರಕ್ಕೆ ಹೀಗೆಯೇ ಮಾಡಿದರೆ ಚೌಕಗಳ ಮುಖ ಸಿದ್ಧ!

ಈಗ ಹಿಂದಕ್ಕೆ ಹೋಗಿ. 70 ಮಾತ್ರ ನಿಮ್ಮ ಕೈಯಲ್ಲಿದೆ. ಮೊದಲಿನ ನಾಲ್ಕು ಸಂಖ್ಯೆಗಳು ಯಾವುವು ಎಂದು ಹೇಳಬಲ್ಲಿರಾ? ಅವು 40, 60, 80, 100 ಇದ್ದಿರಬಹುದು. 10, 50, 90, 130 ಕೂಡ ಇದ್ದಿರಬಹುದು. ಅವುಗಳ ಸರಾಸರಿಯೂ 70 ತಾನೇ? ಆದ್ದರಿಂದ ಬದಲಿಸಿದ ಚಿತ್ರವೊಂದೇ ಉಳಿದರೆ ಮೊದಲಿನ ಮುಖವನ್ನು ಅದರಿಂದ ಮರಳಿ ಪಡೆಯಲು ಆಗುವುದಿಲ್ಲ. ಮನೆಯಲ್ಲಿ ಅಜ್ಜನ ಫೋಟೋ ಒಂದೇ ಇದ್ದರೆ ಇದನ್ನು ಮರೆಯಲೇಬಾರದು. ಮೊದಲು ಅದರ ನಕಲು ತೆಗೆಯಬೇಕು. ಆಟವೆಲ್ಲ ನಕಲಿನ ಮೇಲೆ ನಡೆಯಬೇಕು. ಮೂಲ ಚಿತ್ರ ಹಾಗೆಯೇ ಇರಬೇಕು.

ಹಾಗಾದರೆ ಚೌಕಗಳಾದ ಮೇಲೆ ಮುಖ ಗುರುತು ಸಿಗುತ್ತದೆಯೇ? 1973ರಲ್ಲಿ ಲಿಯನ್ ಹಾರ್ಮನ್ ಎಂಬ ಅಮೆರಿಕದ ಸಂಶೋಧಕರು ಅಬ್ರಹಾಂ ಲಿಂಕನ್ನರ ಮುಖವನ್ನು ಕೆಲವೇ ನೂರು ಚೌಕಗಳಲ್ಲಿ ತೋರಿಸಿದರು. ಹತ್ತಿರದಿಂದ ನೋಡಿದರೆ ಬರೀ ಚೌಕಗಳು. ದೂರ ನಿಂತು ಕಣ್ಣು ಕಿರಿದು ಮಾಡಿದರೆ ಲಿಂಕನ್! ನೆರಳು ಎಲ್ಲಿತ್ತೋ ಅಲ್ಲಿಯೇ ಇತ್ತು, ಬೆಳಕು ಎಲ್ಲಿತ್ತೋ ಅಲ್ಲಿಯೇ ಇತ್ತು. ಆದ್ದರಿಂದಲೇ ಮುಖ ಉಳಿಯಿತು. ಅಮೂರ್ತ ಕಲೆ ಎಂಬ ಮಾತನ್ನು ನೀವು ಕೇಳಿರಬಹುದು. ವಸ್ತುವನ್ನು ಇದ್ದಂತೆ ತೋರಿಸದೆ ಗೆರೆ, ಆಕಾರ, ಬಣ್ಣಗಳಿಂದಲೇ ಭಾವವನ್ನು ತೋರಿಸುವ ಕಲೆ ಅದು. ಅಂತಹ ಕಲೆಯನ್ನು ಭಾವಚಿತ್ರಕ್ಕೆ ಸೇರಿಸಿದರೂ ಮುಖಕ್ಕೆ ಕೇಡಿಲ್ಲ ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ.

ಕೇಡು ಬೇರೆ ಕಡೆ ಇದೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಹೊಲದಲ್ಲಿ ದುಡಿಯುವ ರೈತನೊಬ್ಬನನ್ನು ನೆನೆಯಿರಿ. ಬಿಸಿಲಿಗೆ ಅವನ ಮೈ ಕಪ್ಪಾಗಿದೆ. ಹಣೆಯಲ್ಲಿ ಗೆರೆಗಳಿವೆ. ಅವನ ಚಿತ್ರ ತೆಗೆದು, ಕೇಳದೆಯೇ ಬೆಳ್ಳಗೆ ಮಾಡಿ, ಗೆರೆಗಳನ್ನು ಅಳಿಸಿ ಕೊಟ್ಟರೆ ಅದು ಅವನ ಚಿತ್ರವೇ? ಅಜ್ಜಿಯ ಕೈ ಮೇಲಿನ ಹಚ್ಚೆಯನ್ನು ಕಲೆ ಎಂದು ಒರೆಸಿಬಿಟ್ಟರೆ ಅದು ಅಜ್ಜಿಯ ಕೈಯೇ? ಈಗ ಎಷ್ಟೋ ಮೊಬೈಲುಗಳು ಫೋಟೋ ತೆಗೆಯುವಾಗಲೇ ಮುಖವನ್ನು ನುಣುಪು ಮಾಡಿ ಬಿಳುಪೇರಿಸುತ್ತವೆ. ಅದನ್ನು ದಿನವೂ ನೋಡುವ ಮಗು, "ನನ್ನ ಬಣ್ಣವೇ ತಪ್ಪು" ಎಂದು ತಿಳಿಯುವ ಅಪಾಯವಿದೆ. ಕಪ್ಪು ಮೈ ತಿದ್ದಬೇಕಾದ ತಪ್ಪಲ್ಲ. ದುಡಿಮೆಯ ಗೆರೆ ಅಳಿಸಬೇಕಾದ ಕೊಳೆಯಲ್ಲ.

ಮುಖವನ್ನು ನೀಲಿ ಮಾಡಿದರೆ, ಚೌಕ ಮಾಡಿದರೆ, ನೋಡುವವರಿಗೆ ಅದು ಆಟ ಎಂದು ತಕ್ಷಣ ತಿಳಿಯುತ್ತದೆ. ಅಲ್ಲಿ ಮೋಸವಿಲ್ಲ. ಗುಟ್ಟಾಗಿ ಬಿಳುಪು ಮಾಡಿದರೆ ಅದನ್ನೇ ನಿಜ ಎಂದು ನಂಬುತ್ತಾರೆ. ಕಲೆಗೂ ಸುಳ್ಳಿಗೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಅಭಿಪ್ರಾಯ. ಪಾಸ್‌ಪೋರ್ಟಿಗೆ, ಗುರುತಿನ ಚೀಟಿಗೆ ಕೊಡುವ ಚಿತ್ರದಲ್ಲಂತೂ ಯಾವ ಆಟವೂ ಸಲ್ಲದು. ಅದು ನಮ್ಮನ್ನು ಗುರುತಿಸಲೆಂದೇ ಇರುವ ಚಿತ್ರ.

ಇನ್ನೊಂದು ಮಾತು. ಗೆಳೆಯನ ಚಿತ್ರಕ್ಕೆ ಕೋಡು, ಬಾಲ ಅಂಟಿಸಿ ಎಲ್ಲರಿಗೂ ಕಳಿಸುವುದು ಕೆಲವರಿಗೆ ತಮಾಷೆ. ನಗುವವರು ಹತ್ತು ಜನ, ನೋಯುವವನು ಒಬ್ಬ. ಮುಖ ಯಾರದೋ ಅವರ ಒಪ್ಪಿಗೆ ಮೊದಲು ಬೇಕು. ಅವರು ಬೇಡ ಎಂದರೆ ಅಲ್ಲಿಗೆ ಬಿಡಬೇಕು.

ಕಂಪ್ಯೂಟರ್ ಇಲ್ಲದವರು ಬೇಸರಪಡಬೇಕಿಲ್ಲ. ಲೆಕ್ಕದ ಪುಸ್ತಕದ ಚೌಕದ ಹಾಳೆಯ ಮೇಲೆ ಅಮ್ಮನ ಮುಖವನ್ನು ತೆಳುವಾಗಿ ಬರೆಯಿರಿ. ನಾಲ್ಕೇ ಬಣ್ಣ ಆರಿಸಿಕೊಳ್ಳಿ. ಒಂದು ಚೌಕಕ್ಕೆ ಒಂದೇ ಬಣ್ಣ ತುಂಬಿ. ನೆರಳಿದ್ದ ಕಡೆ ಗಾಢ ಬಣ್ಣ, ಬೆಳಕಿದ್ದ ಕಡೆ ತಿಳಿ ಬಣ್ಣ. ಹಾಳೆಯನ್ನು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಅಮ್ಮ ಕಂಡರೆ ನಿಮ್ಮ ಚಿತ್ರ ಗೆದ್ದಿತು. ಮನೆಯ ಹಳೆಯ ಫೋಟೋಗಳ ಹಿಂದೆ ಹೆಸರು, ಊರು, ವರ್ಷವನ್ನು ಮೆಲ್ಲಗೆ ಬರೆದಿಡಿ. ಬಣ್ಣ ಎಷ್ಟು ಬೇಕಾದರೂ ಆಡಲಿ. ಮುಂದೆ ನಿಮ್ಮ ಮೊಮ್ಮಕ್ಕಳು ಆ ಚಿತ್ರ ನೋಡಿ, "ಇವರೇ ನಮ್ಮ ಹಿರಿಯರು" ಎಂದು ಗುರುತು ಹಿಡಿಯುವಂತಿರಲಿ.